ಹೆಪ್ಪುಗಟ್ಟಬಾರದ ಸೀಸೆ

"ದೀಪ ಆರಿಸ್ತೀನಿ. ಎಡವಿ ಬೀಳಬೇಡಿ. ಬಿದ್ರೂ ಯಂತ್ರದ ಮೇಲೆ ಮಾತ್ರ ಬೀಳಬೇಡಿ," ಎಂದಳು ಮೈಕ್ರೋಸ್ಕೋಪ್ ಕೋಣೆಯ ಉಸ್ತುವಾರಿಯಾಕೆ.

ಕೋಣೆ ಕತ್ತಲಾಯಿತು. ಜಿಗಣೆ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತ.

ಜಿಗಣೆ ಎನ್ನುವುದು ಪೊಲೀಸ್ ಇಲಾಖೆ ಅವನಿಗಿಟ್ಟ ಹೆಸರು. ಕಚ್ಚಿದರೆ ಬಿಡುವವನಲ್ಲ ಎಂದು ಮೇಲಿನವರು ಹೊಗಳುತ್ತಿದ್ದರು. ಒಮ್ಮೆ ಮೇಲಿನವರನ್ನೇ ಕಚ್ಚಿದ. ಅಲ್ಲಿಗೆ ನೌಕರಿ ಹೋಯಿತು, ಹೆಸರು ಉಳಿಯಿತು. ಈಗ ಗಂಡನ ಮೇಲೆ ಕಣ್ಣಿಡಿಸುವ ಹೆಂಡತಿಯರಿಂದ, ಹೆಂಡತಿಯ ಮೇಲೆ ಕಣ್ಣಿಡಿಸುವ ಗಂಡಂದಿರಿಂದ ಅವನ ಹೊಟ್ಟೆಪಾಡು ನಡೆಯುತ್ತಿತ್ತು. ಈ ಕೇಸು ಹಾಗಲ್ಲ. ಇದು ಮನೆಯದು. ಅಕ್ಕನ ಒಬ್ಬಳೇ ಮಗಳು, ಇಲ್ಲಿನ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಪುಟ್ಟಿಯ ಕುತ್ತಿಗೆಗೆ ಬಂದು ಕೂತದ್ದು.

ಲ್ಯಾಬಿನ ಹಿರಿಯ ಸಂಶೋಧಕ ಗಡ್ಡದವನು ರಾತ್ರಿ ಸಾಮಾನು ತಣ್ಣಗಿಡುವ ಕೋಲ್ಡ್ ರೂಮಿನಲ್ಲಿ ಉಸಿರುಕಟ್ಟಿ ಸತ್ತ, ಅವನ ಕಾಲಬಳಿ ಸಿಕ್ಕ ಡ್ರೈ ಐಸ್ ಪೆಟ್ಟಿಗೆಯ ಮೇಲೆ ಕಂಪನಿಯ ಲೇಬಲ್ಲಿತ್ತು, ಆ ಪೆಟ್ಟಿಗೆಯನ್ನು ಕೊರಿಯರ್‌ನವನಿಂದ ಸಹಿ ಹಾಕಿ ಪಡೆದವಳು ಪುಟ್ಟಿ, ಹಾಗಾಗಿ ಅವಳ ಅಚಾತುರ್ಯವೇ ಸಾವಿಗೆ ಕಾರಣ. ಪೊಲೀಸರ ಲೆಕ್ಕ ಅಷ್ಟು ಸಲೀಸಾಗಿತ್ತು.

ಡ್ರೈ ಐಸ್ ಕರಗಿ ನೀರಾಗುವುದಿಲ್ಲ, ಹೊಗೆಯಾಗಿ ಗಾಳಿಗೆ ಸೇರುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿಟ್ಟರೆ ಉಸಿರಾಡುವ ಗಾಳಿಯನ್ನು ಹೊರದೂಡಿ ತಾನು ತುಂಬಿಕೊಳ್ಳುತ್ತದೆ. ಲ್ಯಾಬಿಗೆ ಬಂದವರಿಗೆಲ್ಲ ಮೊದಲ ದಿನವೇ ಹೇಳಿಕೊಡುವ ಪಾಠ ಅದು. ಪುಟ್ಟಿಗೂ ಹೇಳಿಕೊಟ್ಟಿದ್ದರು. ಅದೇ ಅವಳಿಗೆ ಮುಳುವಾಗಿತ್ತು.

"ನೋಡಿ, ಇದು ಫ್ರಿಜ್ಜಿನಲ್ಲಿ ತಣ್ಣಗೆ ಇಟ್ಟ ಬಣ್ಣ ಹಾಕಿದ್ದು," ಎಂದಳು ಉಸ್ತುವಾರಿಯಾಕೆ.

ಪರದೆಯ ತುಂಬ ಜೀವಕೋಶಗಳು ಎದ್ದುಬಂದವು. ಒಂದೊಂದರ ಮುಂದಿನ ಅಂಚಿಗೂ ಕಿತ್ತಳೆ ಬಣ್ಣದ ದಾರದಲ್ಲಿ ಕಸೂತಿ ಹಾಕಿದಂತಿತ್ತು. ಜಿಗಣೆ ಬಾಯಿ ಬಿಟ್ಟುಕೊಂಡು ನೋಡಿದ. ಮನುಷ್ಯನ ಮೈಯೊಳಗೆ ಇಷ್ಟು ಚೆಂದದ್ದೂ ಇರುತ್ತದೆ ಎಂದು ಅವನ ವೃತ್ತಿ ಅವನಿಗೆ ಯಾವತ್ತೂ ತೋರಿಸಿರಲಿಲ್ಲ.

ಕೋಶ ಯಾವ ಕಡೆಗೆ ನಡೆಯಬೇಕೆಂದಿದೆಯೋ ಆ ಅಂಚಿಗೆ ಹೋಗಿ ಕೂರುವ ಪ್ರೋಟೀನು ಅದು. ಕೋಶವನ್ನು ನಡೆಸುವುದೂ ಅದೇ, ತಡೆದು ನಿಲ್ಲಿಸುವುದೂ ಅದೇ. ಪುಸ್ತಕದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು. ಲ್ಯಾಬಿನವರ ಬಾಯಲ್ಲಿ ಮಾತ್ರ ಅದು 'ಲಗಾಮು'. ಆ ಲಗಾಮನ್ನೇ ಹುಡುಕಿಕೊಂಡು ಹೋಗಿ ಅಂಟಿಕೊಳ್ಳುವ ಆಂಟಿಬಾಡಿಗೆ ಹೊಳೆಯುವ ಬಣ್ಣ ಕಟ್ಟಿ ಕಂಪನಿಯವರು ಟ್ಯೂಬಿನಲ್ಲಿ ಮಾರುತ್ತಾರೆ. ಪುಟ್ಟಿ ಸಹಿ ಹಾಕಿ ಪಡೆದ ಪೆಟ್ಟಿಗೆಯಲ್ಲಿ ಬಂದದ್ದು ಅಂಥ ಟ್ಯೂಬು. ಬಣ್ಣ ಎಲ್ಲಿ ಹೊಳೆಯಿತೋ ಲಗಾಮು ಅಲ್ಲಿದೆ ಎಂದರ್ಥ.

"ಈಗ ಇದು. ಅದೇ ಟ್ಯೂಬಿನಿಂದ ಒಂದು ತೊಟ್ಟು ತೆಗೆದು, ಡ್ರೈ ಐಸಿನಲ್ಲಿ ಹೆಪ್ಪುಗಟ್ಟಿಸಿ, ಕರಗಿಸಿ ಹಾಕಿದ್ದು."

ಪರದೆ ಕಪ್ಪಾಯಿತು. ಜಿಗಣೆ ಸ್ವಲ್ಪ ಹೊತ್ತು ಕಾದ.

"ಬರುತ್ತಾ?"

"ಬಂದಾಯ್ತು ಸಾರ್. ಇಷ್ಟೇ ಅದು."

"ಏನೂ ಕಾಣ್ತಿಲ್ಲವಲ್ಲ ತಾಯಿ."

"ಸೆಲ್ಲುಗಳೆಲ್ಲ ಅಲ್ಲೇ ಇವೆ. ಹೊಳಪು ಸತ್ತುಹೋಗಿದೆ. ಈ ಬಣ್ಣದ ಹಣೆಬರಹವೇ ಅಷ್ಟು, ಒಂದು ಸಲ ಹೆಪ್ಪುಗಟ್ಟಿದ್ರೆ ಮುಗೀತು. ಟ್ಯೂಬಿನ ಮೇಲೆ ಅಚ್ಚು ಹಾಕಿರ್ತಾರೆ, ಹೆಪ್ಪುಗಟ್ಟಿಸಬೇಡಿ ಅಂತ. ಕಂಪನಿ ತಣ್ಣನೆಯ ಜೆಲ್ ಪ್ಯಾಕ್ ಸುತ್ತಿ ಕಳಿಸುತ್ತೆ. ಡ್ರೈ ಐಸಿನಲ್ಲಿ ಕಳಿಸೋಕೆ ಅವರಿಗೇನು ತಲೆ ಕೆಟ್ಟಿದೆಯಾ?"

"ಪ್ಯಾಕ್ ಮಾಡೋನು ಕೈತಪ್ಪಿ ಹಾಕಿದ್ರೆ?"

"ಹಾಕಿದ್ರೆ ದಾರಿಯುದ್ದಕ್ಕೂ ಹೆಪ್ಪುಗಟ್ಟಿಕೊಂಡೇ ಬಂದಿರಬೇಕು. ಇಲ್ಲಿ ಕಪ್ಪು ಬರಬೇಕು. ನಿಮ್ಮ ಅಕ್ಕನ ಮಗಳು ಅವತ್ತು ಸಂಜೆ ಇದೇ ಯಂತ್ರದಲ್ಲಿ ಚಿತ್ರ ತೆಗೆದಿದ್ದಾಳೆ, ನೋಡಿ."

ಆಕೆ ಹಳೆಯ ಚಿತ್ರವೊಂದನ್ನು ಪರದೆಗೆ ತಂದಳು. ಮೂಲೆಯಲ್ಲಿ ಗಡ್ಡದವನು ಸತ್ತ ದಿನದ ತಾರೀಖು. ಕಸೂತಿ ಝಗಝಗಿಸುತ್ತಿತ್ತು.

"ಅವತ್ತು ಬಂದ ಟ್ಯೂಬಿನದೇ ಅಂತ ಹೇಗೆ ಹೇಳ್ತೀರಿ? ಹಳೇದು ಉಳಿದಿದ್ರೆ?"

"ಹಳೇದು ಎಂದೋ ಖಾಲಿ. ಹೊಸದು ಯಾವಾಗ ಬರುತ್ತೆ ಅಂತ ಇಡೀ ಮಹಡಿ ಬಾಯಿ ಬಾಯಿ ಬಿಡ್ತಿತ್ತು. ನಾನೂ ಕಾಯ್ತಿದ್ದೆ." ಆಕೆ ದೀಪ ಹಾಕಿದಳು. "ನಾನೂ ಪಿಎಚ್‌ಡಿ ಮಾಡಿದವಳೇ ಸಾರ್. ಈಗ ದೀಪ ಹಾಕೋದು, ದೀಪ ಆರಿಸೋದು. ಆದರೂ ಎರಡು ಚಿತ್ರ ಪಕ್ಕಪಕ್ಕ ಇಟ್ಟು ನೋಡೋಕೆ ಬರುತ್ತೆ. ಪೊಲೀಸರು ಒಬ್ಬರೂ ಇಲ್ಲಿವರೆಗೆ ಬರಲಿಲ್ಲ."

ಜಿಗಣೆಗೆ ಅವಳ ಕೈ ಹಿಡಿದು ಕುಲುಕಬೇಕೆನಿಸಿತು. ಕಣ್ಣೆದುರಿನ ಗಂಟು ಬಿಚ್ಚಿಕೊಂಡಿತ್ತು. ಪುಟ್ಟಿ ಪಡೆದ ಪೆಟ್ಟಿಗೆಯಲ್ಲಿ ಡ್ರೈ ಐಸ್ ಇರಲೇ ಇಲ್ಲ. ಅವಳು ಟ್ಯೂಬು ತೆಗೆದುಕೊಂಡು ಖಾಲಿ ಪೆಟ್ಟಿಗೆ ಬಿಸಾಡಿದ ಮೇಲೆ ಯಾರೋ ಅದರ ಲೇಬಲ್ಲು ಕಿತ್ತು ಬೇರೊಂದು ಪೆಟ್ಟಿಗೆಗೆ ಅಂಟಿಸಿದ್ದಾರೆ. ಡ್ರೈ ಐಸ್ ತುಂಬಿದ ಪೆಟ್ಟಿಗೆಗೆ. ಅಂದರೆ ಅದು ಅಚಾತುರ್ಯವಲ್ಲ. ಯಾರೋ ಕೂತು ಯೋಚಿಸಿ ಮಾಡಿದ ಕೆಲಸ.

ಮೂರೂ ಚಿತ್ರಗಳನ್ನು ಫೋನಿನಲ್ಲಿ ಹಿಡಿದುಕೊಂಡು ಹೊರಗೆ ಬಂದ.

ಕಾರಿಡಾರಿನ ಬೆಂಚಿನ ಮೇಲೆ ಪುಟ್ಟಿ ಕೂತಿದ್ದಳು. ಲ್ಯಾಬಿನೊಳಗೆ ಕಾಲಿಡಬಾರದೆಂದು ಅವಳ ಗುರುತಿನ ಚೀಟಿ ಕಸಿದುಕೊಂಡಿದ್ದರು. ಅವಳೇ ವರ್ಷಗಟ್ಟಲೆ ಬೆಳಗಿನಿಂದ ಸಂಜೆವರೆಗೆ ಓಡಾಡಿದ ಕಾರಿಡಾರು. ಈಗ ಎದುರು ಹಾದುಹೋಗುವವರು ಅವಳನ್ನು ಕಂಡು ಫೋನು ನೋಡುವ ನಾಟಕ ಆಡುತ್ತಿದ್ದರು. ಅವರ ಬೆನ್ನಿಗೆ ಎರಡು ಬಿಗಿಯಬೇಕೆಂದು ಜಿಗಣೆಯ ಕೈ ತುರಿಸಿತು.

"ಗೆದ್ವಿ ಕಣೇ," ಎಂದ.

ಅವಳು ತಲೆಯೆತ್ತಿದಳು. ಅವನು ಚಿತ್ರಗಳನ್ನು ತೋರಿಸಿದ, ಉಸಿರು ಬಿಡದೆ ಎಲ್ಲವನ್ನೂ ಹೇಳಿದ. ಅವಳ ಮುಖದಲ್ಲಿ ನಗು ಬರುತ್ತದೆಂದು ಕಾದ. ನಗು ಬರಲಿಲ್ಲ.

"ಮಾವ, ಇದನ್ನ ಯಾರಿಗೂ ಕಳಿಸಬೇಡ."

"ಏನು?"

"ವಕೀಲರು ಹೇಳಿದಾರೆ. ಅಚಾತುರ್ಯ ಅಂತ ಒಪ್ಪಿಕೊಂಡ್ರೆ ದಂಡ ಕಟ್ಟಿಸಿಕೊಂಡು ಬಿಡ್ತಾರಂತೆ. ಬಹಳ ಅಂದ್ರೆ ಕೆಲವು ತಿಂಗಳು ಜೈಲು. ಇದು ಮುಗಿದುಹೋಗಲಿ. ನನಗೆ ಸಾಕಾಗಿದೆ."

"ಮಾಡದ ತಪ್ಪಿಗೆ ಒಪ್ಪಿಕೊಳ್ತೀಯಾ? ಮಧ್ಯಾಹ್ನ ಸಂಸ್ಥೆಯ ಶಿಸ್ತು ಸಮಿತಿಯವರು ಕೂತು ನಿನ್ನ ಹೆಸರು ಹೊಡೆದುಹಾಕ್ತಾರೆ. ಇಷ್ಟು ವರ್ಷ ಓದಿದ್ದೆಲ್ಲ ಮಣ್ಣುಪಾಲು. ಜೈಲಿಗೆ ಹೋಗಿ ಬಂದವಳು ಅಂತ ಊರೆಲ್ಲ ಬೆರಳು ತೋರಿಸುತ್ತೆ. ನಿಮ್ಮಮ್ಮ ಬದುಕ್ತಾಳಾ?"

"ಅಮ್ಮನ ಮಾತು ಎತ್ತಬೇಡ."

"ಅವಳ ಮಾತಿಗೇ ನಾನು ಇಲ್ಲಿ ಬಂದು ನಿಂತಿರೋದು."

ಅದೂ ನಿಜ. ಬೆಳಿಗ್ಗೆ ಅಕ್ಕ ಬಾಗಿಲಲ್ಲಿ ಅಡ್ಡ ನಿಂತಿದ್ದಳು. ಅತ್ತಿರಲಿಲ್ಲ, ಅವಳು ಅಳುವ ಪೈಕಿ ಅಲ್ಲ. "ಊರವರ ಮನೆ ಗುಟ್ಟೆಲ್ಲ ಹುಡುಕಿಕೊಡ್ತೀಯ. ನನ್ನ ಮಗಳನ್ನ ಬಿಡಿಸಿಕೊಂಡು ಬಾ. ಆಗದಿದ್ರೆ ಈ ಹೊಸ್ತಿಲು ತುಳೀಬೇಡ, ನನಗೊಬ್ಬ ತಮ್ಮ ಇದ್ದ ಅಂತ ಮರೆತುಬಿಡ್ತೀನಿ," ಎಂದಿದ್ದಳು. ಅಕ್ಕ ಹೇಳಿದ್ದನ್ನು ಮಾಡುವವಳು. ತನ್ನ ಗಂಡನನ್ನು ಹಾಗೆಯೇ ಮರೆತಿದ್ದಳು.

ಪುಟ್ಟಿಯ ಮಾತು ಸೋತವಳ ಮಾತು ಎಂದುಕೊಂಡ ಜಿಗಣೆ. ಠಾಣೆಯ ಬೆಂಚಿನ ಮೇಲೆ ಅಂಥವರನ್ನು ಎಷ್ಟೋ ಸಲ ನೋಡಿದ್ದ. ಬೈಗುಳ ತಿಂದು ತಿಂದು, ಕೊನೆಗೆ ಎಲ್ಲಿ ಸಹಿ ಹಾಕಬೇಕು ತೋರಿಸಿ ಎನ್ನುವವರು. ಮನೆಯ ಮಗುವನ್ನು ಆ ಸ್ಥಿತಿಗೆ ತಂದವರ ಮೇಲೆ ಅವನಿಗೆ ಮೈ ಉರಿಯಿತು.

ಅವಳೆದುರಿಗೇ ನಿಂತು ಚಿತ್ರಗಳನ್ನು ಇನ್ಸ್‌ಪೆಕ್ಟರಿಗೆ ಕಳಿಸಿದ. ಅವನು ಒಂದು ಕಾಲದಲ್ಲಿ ಜಿಗಣೆಯ ಕೈಕೆಳಗೆ ಕೆಲಸ ಕಲಿತವನು. ಕೆಳಗೆ ಬರೆದ: "ಲೇಬಲ್ಲು ಸುಳ್ಳು. ಇದು ಕೊಲೆ. ದೊಡ್ಡಮೇಡಂ ರೂಮಿಗೆ ಹೊರಟು ಬಾ."

ಪುಟ್ಟಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳ ತಲೆ ಸವರಿ ಅವನು ಮೆಟ್ಟಿಲೇರಿದ.

ದೊಡ್ಡಮೇಡಂ ಎಂದರೆ ಲ್ಯಾಬಿನ ಯಜಮಾನಿ, ಪ್ರೊಫೆಸರು. ಲಗಾಮು ಅವರಿಗೆ ಹೆಸರು ತಂದ ಪ್ರೋಟೀನು. ಆ ಪ್ರೋಟೀನಿಗೆ ತಾವು ಮಾಡಿಸಿದ ಬಣ್ಣವಿಲ್ಲದ ಆಂಟಿಬಾಡಿ ಅಂಟಿಸಿದರೆ ಕ್ಯಾನ್ಸರಿನ ಕೋಶ ಮೈತುಂಬ ಹರಡದೆ ನಿಂತಲ್ಲೇ ನಿಲ್ಲುತ್ತದೆ ಎಂದು ತೋರಿಸಿ ಅವರು ದೊಡ್ಡವರಾದದ್ದು. ಪತ್ರಿಕೆಗಳಲ್ಲಿ ಅವರ ಫೋಟೋ ಬಂದಿತ್ತು. ರೋಗಿಗಳ ಮನೆಯವರು ಅವರಿಗೆ ಕೈಮುಗಿದು ಕಾಗದ ಬರೆಯುತ್ತಿದ್ದರು.

ಜಿಗಣೆ ಬಾಗಿಲು ತಟ್ಟದೆ ಒಳಗೆ ಹೋದ. ಬೆಳ್ಳಗಾದ ಕೂದಲನ್ನು ಗಿಡ್ಡಗೆ ಕತ್ತರಿಸಿಕೊಂಡ ಹೆಂಗಸು ಕನ್ನಡಕದ ಮೇಲಿನಿಂದ ನೋಡಿದರು.

"ಕೂತ್ಕೊಳ್ಳಿ. ನೀವು ಬರ್ತೀರಿ ಅಂತ ಗೊತ್ತಿತ್ತು. ಮೈಕ್ರೋಸ್ಕೋಪ್ ಕೋಣೆಯಲ್ಲಿ ಬಹಳ ಹೊತ್ತು ಇದ್ರಂತೆ."

"ಸುದ್ದಿ ಬೇಗ ಮುಟ್ಟುತ್ತೆ."

"ಇಲ್ಲಿ ಪ್ರಯೋಗಕ್ಕಿಂತ ಸುದ್ದಿಯೇ ಬೇಗ ಓಡೋದು."

ಜಿಗಣೆ ಕೂರಲಿಲ್ಲ. ಗೋಡೆಯ ಮೇಲೆ ಒಂದು ಹಳೆಯ ಫೋಟೋ ತೂಗುಬಿದ್ದಿತ್ತು. ಕಪ್ಪು ಕೂದಲಿನ ಯುವತಿ, ದಪ್ಪ ಕೈಗವಸು, ಎದುರಿಗೆ ಬಿಳಿ ಹೊಗೆ ಉಕ್ಕುವ ಥರ್ಮೋಕೋಲ್ ಪೆಟ್ಟಿಗೆ. ಮೊಟ್ಟಮೊದಲ ಆಂಟಿಬಾಡಿ ಬಂದ ದಿನ ತೆಗೆದದ್ದು ಎಂದು ಯಾರೋ ಹೇಳಿದ್ದರು.

"ನಿಮ್ಮ ಕಾಲದಲ್ಲಿ ನೀವು ತರಿಸುತ್ತಿದ್ದ ಆಂಟಿಬಾಡಿ ಡ್ರೈ ಐಸಿನಲ್ಲೇ ಬರ್ತಿತ್ತು, ಅಲ್ವಾ?"

"ಬರ್ತಿತ್ತು. ಏನೀಗ?"

"ಅದಕ್ಕೆ ಬಣ್ಣ ಕಟ್ಟಿರ್ತಿರಲಿಲ್ಲ. ಹೆಪ್ಪುಗಟ್ಟಿದ್ರೂ ನಡೀತಿತ್ತು. ಈಗಿನದು ಹಾಗಲ್ಲ, ಹೆಪ್ಪುಗಟ್ಟಿದ್ರೆ ಸತ್ತುಹೋಗುತ್ತೆ. ಕೆಳಗೆ ಲ್ಯಾಬಿನ ಬೆಂಚಿನಲ್ಲಿ ಕೆಲಸ ಮಾಡೋ ಯಾರನ್ನ ಕೇಳಿದ್ರೂ ನಿದ್ದೆಯಲ್ಲೂ ಹೇಳ್ತಾರೆ. ಅವರಲ್ಲಿ ಯಾರೂ ಈ ಟ್ಯೂಬಿನ ಲೇಬಲ್ಲನ್ನ ಡ್ರೈ ಐಸ್ ಪೆಟ್ಟಿಗೆಗೆ ಅಂಟಿಸುವಷ್ಟು ದಡ್ಡರಲ್ಲ. ಅಂಟಿಸಿದವರು ಪೈಪೆಟ್ ಕೆಳಗಿಟ್ಟು, ಕೈಯಾರೆ ಪ್ರಯೋಗ ಮಾಡೋದು ಬಿಟ್ಟು ಬಹಳ ಕಾಲ ಆಗಿರಬೇಕು. ಆಂಟಿಬಾಡಿ ಅಂದ ಕೂಡಲೇ ಕೈ ಹಳೇ ಅಭ್ಯಾಸಕ್ಕೆ ಹೋಗಿರಬೇಕು." ಫೋಟೋ ಕಡೆಗೆ ಕೈ ತೋರಿಸಿದ. "ಈ ಲ್ಯಾಬಿನಲ್ಲಿ ಅಂಥವರು ಒಬ್ಬರೇ."

ದೊಡ್ಡಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದ ಮುಖ ಇದ್ದಕ್ಕಿದ್ದಂತೆ ಮುದಿಯಾಗಿ ಕಂಡಿತು.

"ದಡ್ಡರು," ಎಂದರು. "ಯಾರೂ ನನಗೆ ಈ ಮಾತು ಹೇಳಿರಲಿಲ್ಲ. ಹೇಳಬೇಕಾಗಿತ್ತು."

"ಒಪ್ಪಿಕೊಳ್ತೀರಾ?"

"ಮೊದಲು ನಿಮ್ಮದು ಮುಗಿಸಿ. ನಾನು ಅವನನ್ನ ಯಾಕೆ ಕೊಂದೆ?"

ಜಿಗಣೆಗೆ ಈ ಘಳಿಗೆ ಇಷ್ಟ. ಇಲಾಖೆ ಬಿಟ್ಟ ಮೇಲೆ ಅವನಿಗೆ ಇದು ಸಿಕ್ಕಿರಲಿಲ್ಲ. ನಿಧಾನವಾಗಿ ಹೇಳಿದ.

"ಗಡ್ಡದವನ ಹೆಂಡತಿ ನಿನ್ನೆ ಬಾಯಿಬಿಟ್ಟಳು. ನಿಮ್ಮ ಹೆಸರುವಾಸಿ ಆಂಟಿಬಾಡಿ ಕೆಡದೇ ಇರಲಿ ಅಂತ ಅದರೊಳಗೆ ಚಿಟಿಕೆ ವಿಷ ಹಾಕಿರ್ತಾರೆ. ಎಲ್ಲ ಕಡೆ ಹಾಕೋದೇ. ಸತ್ತ ಸೆಲ್ಲಿಗೆ ಬಣ್ಣ ಹಚ್ಚೋಕೆ ಅದರಿಂದ ತೊಂದರೆ ಇಲ್ಲ. ನೀವು ಅದನ್ನ ತೆಗೆಯದೆ ಬದುಕಿರೋ ಸೆಲ್ಲಿನ ಮೇಲೆ ಸುರಿದಿರಿ. ಸೆಲ್ಲು ನಡೆಯೋದು ನಿಲ್ಲಿಸ್ತು. ಲಗಾಮು ಬಿಗಿದೆವು ಅಂತ ನೀವು ಕುಣಿದಿರಿ. ಲಗಾಮೂ ಇಲ್ಲ, ಏನೂ ಇಲ್ಲ. ಪಾಪ, ಅವಕ್ಕೆ ವಿಷ ಏರಿತ್ತು. ಗಡ್ಡದವನು ವಿಷ ತೊಳೆದು ಬರೀ ಆಂಟಿಬಾಡಿ ಹಾಕಿ ನೋಡಿದ. ಸೆಲ್ಲುಗಳು ಆರಾಮಾಗಿ ನಡ್ಕೊಂಡು ಹೋದವು. ನಿಮ್ಮ ಇಡೀ ಜೀವಮಾನದ ಕೆಲಸ ಒಂದು ಮಧ್ಯಾಹ್ನಕ್ಕೆ ಬಯಲಾಯ್ತು. ಅದನ್ನ ಅವನು ಹೊರಗೆ ಹೇಳೋನಿದ್ದ."

ಅವರು ಅಲ್ಲಗಳೆಯಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿದರು. ಕೆಳಗೆ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದ ಸದ್ದು ಕೇಳುತ್ತಿತ್ತು.

"ಮೊದಮೊದಲು ನನಗೂ ಗೊತ್ತಿರಲಿಲ್ಲ," ಎಂದರು. "ಆಮೇಲೆ ಅನುಮಾನ ಬಂತು. ತೊಳೆದು ನೋಡಬಹುದಾಗಿತ್ತು. ನೋಡಲಿಲ್ಲ. ನೋಡದೇ ಇದ್ರೆ ಗೊತ್ತಿಲ್ಲ ಅನ್ನಬಹುದಲ್ಲ. ಕಾಗದ ಬರೀತಾರಲ್ಲ ಆ ಜನ, ಅವರ ಮುಖ ನೆನಪಾದ್ರೆ ಈಗಲೂ ಊಟ ಸೇರಲ್ಲ. ಆದರೂ ನೋಡಲಿಲ್ಲ."

"ಅದಕ್ಕೊಂದು ಜೀವ ತೆಗೆದಿರಿ. ಇನ್ನೊಂದನ್ನ ಜೈಲಿಗೆ ತಳ್ಳಿದಿರಿ."

"ಲೇಬಲ್ಲು ನಾನೇ ಅಂಟಿಸಿದ್ದು."

ಜಿಗಣೆ ಉಸಿರು ಬಿಟ್ಟ. ಇಷ್ಟು ಸುಲಭ ಇರುತ್ತದೆಂದು ಎಣಿಸಿರಲಿಲ್ಲ. ಅಕ್ಕನಿಗೆ ಫೋನು ಮಾಡುವಾಗ ಮೊದಲ ಮಾತು ಏನಾಡಬೇಕು ಎಂದು ಆಗಲೇ ಮನಸ್ಸು ಜೋಡಿಸತೊಡಗಿತ್ತು.

"ಮರುದಿನ ಬೆಳಿಗ್ಗೆ ಕೋಲ್ಡ್ ರೂಮಿನ ಬಾಗಿಲು ತೆಗೆದವಳು ನಾನು, ಅದು ನಿಮಗೂ ಗೊತ್ತು," ದೊಡ್ಡಮೇಡಂ ಮುಂದುವರಿಸಿದರು. "ಅವನು ಬಿದ್ದಿದ್ದ. ಮುಟ್ಟಿ ನೋಡಿದೆ, ತಣ್ಣಗಿದ್ದ. ಪಕ್ಕದಲ್ಲಿ ಪೆಟ್ಟಿಗೆ ಇತ್ತು, ಅದರ ಮೇಲೆ ಹೆಸರಿಲ್ಲ, ವಿಳಾಸ ಇಲ್ಲ. ಪೊಲೀಸರು ಬಂದ್ರೆ ಯಾರು ಇಟ್ಟರು ಅಂತ ಕೇಳ್ತಾರೆ. ಆಮೇಲೆ ಯಾಕೆ ಇಟ್ಟರು ಅಂತ ಕೇಳ್ತಾರೆ. ಆ ಯಾಕೆ ಅನ್ನೋದು ನನ್ನ ಮನೆ ಬಾಗಿಲಿಗೆ ಬಂದು ನಿಲ್ಲುತ್ತೆ. ಕಾರಿಡಾರಿನ ಕಸದ ತೊಟ್ಟಿಯಲ್ಲಿ ಕಂಪನಿಯ ಪೆಟ್ಟಿಗೆ ಬಿದ್ದಿತ್ತು. ಲೇಬಲ್ಲು ಕಿತ್ತು ಇದಕ್ಕೆ ಅಂಟಿಸಿದೆ. ಕಂಪನಿಯವರ ಪ್ಯಾಕಿಂಗ್ ತಪ್ಪು ಅಂತ ಆಗಲಿ, ಯಾರ ತಲೆಗೂ ಬರದೇ ಇರಲಿ ಅಂದುಕೊಂಡೆ. ಸಹಿ ಹಾಕಿದವಳ ತಲೆಗೆ ಕಟ್ಟುತ್ತಾರೆ ಅಂತ ಹೊಳೀಲಿಲ್ಲ. ಕಟ್ಟಿದ ಮೇಲೆ ಬಾಯಿ ಮುಚ್ಚಿಕೊಂಡೆ. ಅದು ನನ್ನ ನೀಚತನ, ಬೇರೆ ಹೆಸರಿಲ್ಲ ಅದಕ್ಕೆ."

"ಚೆನ್ನಾಗಿ ಹೇಳಿದಿರಿ. ಡ್ರೈ ಐಸು ತಾನಾಗೇ ನಡ್ಕೊಂಡು ಬಂತಾ?"

"ಡ್ರೈ ಐಸ್ ನಾನಿಟ್ಟಿದ್ದಲ್ಲ."

"ಮತ್ತೆ ಯಾರು?"

ಅವರು ಅವನನ್ನು ನೋಡಿದ ರೀತಿ ಅವನಿಗೆ ಸಹಿಸಲಾಗಲಿಲ್ಲ. ಅಪರಾಧಿಯ ಕಣ್ಣಲ್ಲಿ ಭಯ ನೋಡಿದ್ದ, ಸಿಟ್ಟು ನೋಡಿದ್ದ, ಅಹಂಕಾರ ನೋಡಿದ್ದ. ಕನಿಕರ ಎಂದೂ ನೋಡಿರಲಿಲ್ಲ.

"ಇಷ್ಟಕ್ಕೇ ಬಿಡಿ," ಎಂದರು ಮೆಲ್ಲಗೆ. "ಎದ್ದು ಮನೆಗೆ ಹೋಗಿ. ಆ ಚಿತ್ರ ಅಳಿಸಿಹಾಕಿ. ನಾನು ಒಳ್ಳೆಯವಳು ಅಂತ ಹೇಳ್ತಿಲ್ಲ. ನಿಮಗಾಗಿ ಹೇಳ್ತಿದೀನಿ."

"ನನಗಾಗಿ ಯಾರೂ ಏನೂ ಹೇಳೋದು ಬೇಕಾಗಿಲ್ಲ. ಯಾರು?"

"ಗಡ್ಡದವನ ಪ್ರಯೋಗದಿಂದ ಯಾರ ಕುತ್ತಿಗೆಗೆ ಹಗ್ಗ ಬಿತ್ತು ಅಂತ ಲೆಕ್ಕ ಹಾಕಿದಿರಿ. ನನ್ನ ಕುತ್ತಿಗೆ ಒಂದೇ ಕಾಣಿಸ್ತು ನಿಮಗೆ. ನಾನು ಇನ್ನೇನು ನಿವೃತ್ತಿ ಆಗೋಳು. ಬೈದ್ರೆ ಬೈಸಿಕೊಂಡು ಮನೆಯಲ್ಲಿ ಕೂರ್ತೀನಿ. ಆ ಆಂಟಿಬಾಡಿಯನ್ನೇ ನಂಬಿಕೊಂಡು ಪಿಎಚ್‌ಡಿ ಬರೆದು, ಇವತ್ತೋ ನಾಳೆಯೋ ಒಪ್ಪಿಸೋಕೆ ಕೂತವಳು ಯಾರು? ಅವಳ ಪ್ರಬಂಧದ ಒಂದು ಪುಟವೂ ಉಳೀತಿರಲಿಲ್ಲ. ಅವನು ನನಗೆ ಹೇಳೋಕೆ ಮುಂಚೆ ಅವಳಿಗೆ ಹೇಳಿದ್ದ. ಒಳ್ಳೆ ಮನಸ್ಸಿನಿಂದಲೇ ಹೇಳಿದ, ಮೊದಲಿನಿಂದ ಶುರು ಮಾಡು ಅಂತ. ಮೊದಲಿನಿಂದ! ವಯಸ್ಸು ಕಳೆದು, ಕಣ್ಣು ಕೆಂಪಗೆ ಮಾಡಿಕೊಂಡು ಕೂತವಳಿಗೆ."

"ಸುಳ್ಳು," ಎಂದ ಜಿಗಣೆ.

"ಸುಳ್ಳಾಗಿದ್ರೆ ನನಗೇ ಒಳ್ಳೇದಿತ್ತು."

"ತಪ್ಪಿಸಿಕೊಳ್ಳೋಕೆ ಒಂದು ಹುಡುಗಿಯನ್ನ..."

"ಅಲ್ಲಯ್ಯಾ, ಲೇಬಲ್ಲು ಇರೋವರೆಗೂ ಅದು ಅಚಾತುರ್ಯ ಆಗಿತ್ತು!" ದೊಡ್ಡಮೇಡಂ ಮೊದಲ ಸಲ ದನಿ ಎತ್ತರಿಸಿದರು. "ದಂಡ ಕಟ್ಟಿ ಮುಗಿಯೋ ಅಚಾತುರ್ಯ. ನನ್ನ ಸುಳ್ಳು ನನ್ನ ಜೊತೆಗೆ ಅವಳನ್ನೂ ಕಾಪಾಡ್ತಿತ್ತು. ನೀವು ದೀಪ ಆರಿಸಿ, ಚಿತ್ರ ತೆಗೆದು, ಅದನ್ನ ಕೊಲೆ ಕೇಸು ಮಾಡಿದಿರಿ."

ಜಿಗಣೆ ಕುರ್ಚಿಗೆ ಕುಸಿದ. ಫೋನು ತೆಗೆದ. ಕಳಿಸಿದ ಚಿತ್ರಗಳನ್ನು ಅಳಿಸಲು ಹೆಬ್ಬೆರಳು ಒತ್ತಿ ಹಿಡಿದ. ಇಡೀ ಜನ್ಮದಲ್ಲಿ ಒಂದು ಸಾಕ್ಷಿಯನ್ನೂ ಅವನು ಮುಟ್ಟಿ ಕೆಡಿಸಿದವನಲ್ಲ. ಅದರ ಮೇಲೆಯೇ ಅವನ ಜಂಬ ನಿಂತಿತ್ತು. ಈಗ ಕೈ ತಾನಾಗಿ ಆ ಕೆಲಸಕ್ಕೆ ಹೋಯಿತು, ನಾಚಿಕೆಯೂ ಆಗಲಿಲ್ಲ. ಇನ್ಸ್‌ಪೆಕ್ಟರ್ ಆಗಲೇ ನೋಡಿಯಾಗಿತ್ತು. ಕೆಳಗೆ ಉತ್ತರವೂ ಬಂದು ಕೂತಿತ್ತು: "ಭಲೇ ಸಾರ್. ಬಂದೆ."

ಪುಟ್ಟಿಯ ಮಾತು ಮಾತ್ರ ಅವನ ತಲೆಯಲ್ಲಿ ತಿರುಗುತ್ತಿತ್ತು. ಯಾರಿಗೂ ಕಳಿಸಬೇಡ. ಅದು ಸೋತವಳ ಮಾತಲ್ಲ ಎಂದು ಬೇರೆ ಯಾರ ಮನೆಯ ಹುಡುಗಿಯಾಗಿದ್ದರೂ ಆ ಕ್ಷಣವೇ ತಿಳಿಯುತ್ತಿತ್ತು. ತನ್ನ ಮನೆಯವಳಾದ್ದರಿಂದ ತಲೆ ಸವರಿ ಬಂದಿದ್ದ.

"ಮೇಡಂ," ಎಂದ. ಈ ಹೆಂಗಸಿನ ಮುಂದೆ ಗೋಗರೆಯುವ ದಿನ ಬರುತ್ತದೆಂದು ಅವನು ಎಣಿಸಿರಲಿಲ್ಲ. "ಅವಳೇ ಇಟ್ಟಳು ಅಂತ ನಿಮಗೆ ಹೇಗೆ ಗೊತ್ತು? ಊಹೆ ತಾನೆ? ಊಹೆ ಆಗಿದ್ರೆ ನಿಮ್ಮಲ್ಲೇ ಇರಲಿ. ಕಾಲಿಗೆ ಬೀಳ್ತೀನಿ."

ಅವರು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆದುಕೊಂಡಿತು.

ಇನ್ಸ್‌ಪೆಕ್ಟರ್ ಮುಖದ ತುಂಬ ಗೆಲುವು. ಹಿಂದೆ ಪುಟ್ಟಿ.

"ಸಾರ್, ನೀವು ನೀವೇ," ಎಂದ ಅವನು. "ನಮ್ಮವರು ಇಷ್ಟು ದಿನ ಕತ್ತೆ ಕಾಯ್ತಿದ್ರು. ಚಿತ್ರ ನೋಡಿ ಒಂದೇ ಏಟಿಗೆ ಅರ್ಥ ಆಯ್ತು. ನಿಮ್ಮ ಹುಡುಗೀನೂ ಕರ್ಕೊಂಡು ಬಂದೆ. ಅವಳ ಮೇಲಿನ ಮಸಿ ಅವಳೆದುರಿಗೇ ಹೋಗಲಿ ಅಂತ." ಮೇಜಿನ ಕಡೆ ತಿರುಗಿದ. "ಮೇಡಂ, ಲೇಬಲ್ಲು ಅಂಟಿಸಿದ್ದು ನೀವೇನಾ?"

"ಹೌದು."

"ಹಾಗಾದ್ರೆ ಎದ್ದೇಳಿ. ಕೊಲೆ ಕೇಸು. ಉಳಿದದ್ದು ಠಾಣೆಯಲ್ಲಿ ಮಾತಾಡೋಣ."

ದೊಡ್ಡಮೇಡಂ ಏಳಲಿಲ್ಲ. ಜಿಗಣೆಯತ್ತ ನೋಡಿದರು. ಅವನು ಎರಡೂ ಕೈ ಜೋಡಿಸಿದ್ದ, ತನಗೆ ಅರಿವಿಲ್ಲದೆ. ಇನ್ಸ್‌ಪೆಕ್ಟರ್ ಅದನ್ನು ನೋಡಿ ಹುಬ್ಬು ಗಂಟಿಕ್ಕಿದ.

"ಸಾರ್? ಏನಾಯ್ತು?"

ಜಿಗಣೆ ಜೋಡಿಸಿದ ಕೈ ಬಿಡಿಸಿ ತೊಡೆಯ ಮೇಲಿಟ್ಟುಕೊಂಡ.

"ಕ್ಷಮಿಸಿ," ಎಂದರು ದೊಡ್ಡಮೇಡಂ ಅವನಿಗೆ. "ದಂಡಕ್ಕೆ ತಲೆ ಕೊಡ್ತಿದ್ದೆ. ನೇಣಿಗೆ ಕೊಡಲಾರೆ." ಆಮೇಲೆ ಇನ್ಸ್‌ಪೆಕ್ಟರ್ ಕಡೆಗೆ ನೆಟ್ಟಗೆ ನೋಡಿ ಹೇಳಿದರು. "ಅವತ್ತು ರಾತ್ರಿ ಡ್ರೈ ಐಸ್ ಪೆಟ್ಟಿಗೆಯನ್ನ ಟ್ರಾಲಿಯಲ್ಲಿ ತಳ್ಳಿಕೊಂಡು ಕೋಲ್ಡ್ ರೂಮಿಗೆ ಹೋದವಳು ಈ ಹುಡುಗಿ. ನಾನೇ ಕಣ್ಣಾರೆ ನೋಡಿದೆ."

ಇನ್ಸ್‌ಪೆಕ್ಟರ್ ಮುಖದಿಂದ ನಗು ಜಾರಿತು. ಅವನು ನಿಧಾನವಾಗಿ ಪುಟ್ಟಿಯತ್ತ ತಿರುಗಿದ.

"ಏನಮ್ಮಾ? ನಿಜಾನಾ?"

ಜಿಗಣೆ ಅವಳ ತುಟಿಯನ್ನೇ ನೋಡುತ್ತ ಕೂತ. ಇಲ್ಲ ಅನ್ನು. ಒಂದೇ ಒಂದು ಸಲ ಇಲ್ಲ ಅನ್ನು ಕಂದ. ಸುಳ್ಳಾದರೂ ಸರಿ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ. ಆಣೆಗೂ ಸಾಕ್ಷಿಗೂ ಇಷ್ಟು ವರ್ಷ ಕೊಟ್ಟ ಬೆಲೆಯನ್ನೆಲ್ಲ ಆ ಒಂದು ಮಾತಿಗೆ ಬಿಟ್ಟುಕೊಡಲು ಅವನು ತಯಾರಾಗಿದ್ದ.

ಪುಟ್ಟಿ ಮಾವನನ್ನು ನೋಡಲಿಲ್ಲ. ಇನ್ಸ್‌ಪೆಕ್ಟರನ್ನೂ ನೋಡಲಿಲ್ಲ. ಅವಳ ಕಣ್ಣು ದೊಡ್ಡಮೇಡಂ ಮೇಲೆ ನೆಟ್ಟಿತ್ತು, ಬರಬಾರದ ಉತ್ತರ ಬಂದ ಪ್ರಯೋಗವನ್ನು ನೋಡುವಂತೆ, ಹುಬ್ಬು ಕೂಡಿಸಿಕೊಂಡು.

"ಎಲ್ಲಿಂದ ನೋಡಿದ್ರಿ ಮೇಡಂ?" ಎಂದಳು.

ದೊಡ್ಡಮೇಡಂ ಕೈ ಕನ್ನಡಕಕ್ಕಾಗಿ ಮೇಜಿನ ಮೇಲೆ ತಡಕಾಡಿತು.

"ನಾನು ಎರಡೂ ಕಡೆ ನೋಡಿಕೊಂಡೇ ಟ್ರಾಲಿ ಒಳಗೆ ತಳ್ಳಿದ್ದು. ಕಾರಿಡಾರಿನಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಬಾಗಿಲು ನಾನೇ ಮುಚ್ಚಿದೆ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನೀವು ನಿಂತಿದ್ದು ಕೋಲ್ಡ್ ರೂಮಿನ ಒಳಗಾ? ಎಲ್ಲ ನೋಡಿಯೂ ಅವನನ್ನ ಅಲ್ಲೇ ಸಾಯೋಕೆ ಬಿಟ್ರಾ?"